ಜೋಗದಿಂದ ಕವಲೇದುರ್ಗದವರೆಗೆ ಒಂದೇ ದಾರಿ

ಮಳೆಗಾಲದಲ್ಲಿ ಜೋಗಕ್ಕೆ ಬರುವವರ ದಿನಚರಿ ಹೆಚ್ಚುಕಡಿಮೆ ಒಂದೇ. ಮಂಜು ಸರಿದು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಕಂಡರೆ ಫೋಟೊ, ಆಮೇಲೆ ಸಿಗಂದೂರು ಚೌಡೇಶ್ವರಿ ದರ್ಶನ, ಸಂಜೆಗೆ ಊರಿನ ದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸವೂ ಇಲ್ಲ. ಶರಾವತಿ ಹಿನ್ನೀರಿನ ಮೇಲೆ 2.44 ಕಿ.ಮೀ. ಉದ್ದದ ಸೇತುವೆ ಅದು. ಲಿಂಗನಮಕ್ಕಿ ಅಣೆಕಟ್ಟೆಯಿಂದ ಆಚೆ ದಡದಲ್ಲಿ ಉಳಿದುಹೋದ ತುಮರಿ ಸೀಮೆಯ ಜನ ದಶಕಗಳಿಂದ ಕೇಳಿ ಪಡೆದದ್ದು. ಪ್ರವಾಸಿಗೂ ಅನುಕೂಲವಾಯಿತು, ನಿಜ. ಆದರೆ ಬಂದವರು ಇಲ್ಲಿ ಎರಡು ರಾತ್ರಿ ತಂಗಬೇಕಾದರೆ ಯಾರಾದರೂ ಕಾರಣ ಹೇಳಬೇಕು.

ಹೇಳಲು ಸಂಸ್ಥೆಗಳೇನೋ ಇವೆ. ಶಿವಮೊಗ್ಗದಲ್ಲಿ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿ, ಜಲಪಾತದ ಸುತ್ತಿನ ವ್ಯವಸ್ಥೆಗೆ ಜೋಗ ನಿರ್ವಹಣಾ ಪ್ರಾಧಿಕಾರ, ಅಲ್ಲೇ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಗೇರುಸೊಪ್ಪ. ಕುಪ್ಪಳಿಯ ಕವಿಮನೆಯನ್ನು ಕುವೆಂಪು ಪ್ರತಿಷ್ಠಾನ ನೋಡಿಕೊಳ್ಳುತ್ತದೆ. ಹೆಗ್ಗೋಡಿನಲ್ಲಿ 1949ರಿಂದ ರಂಗಸಂಸ್ಥೆ ನೀನಾಸಮ್ ಇದೆ. ಎಲ್ಲವೂ ತಮ್ಮ ತಮ್ಮ ಅಂಗಳವನ್ನು ಚೆನ್ನಾಗಿಯೇ ಗುಡಿಸುತ್ತವೆ. ಒಂದು ಅಂಗಳದಿಂದ ಇನ್ನೊಂದಕ್ಕೆ ದಾರಿ ತೋರುವವರು ಬೇಕು. ಅಮೆರಿಕದಲ್ಲಿ ಈ ಕೆಲಸಕ್ಕೆ 1896ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಮೊದಲ ಕಚೇರಿ ಹುಟ್ಟಿತು. ಈಗ ಅಲ್ಲಿ ಅನೇಕ ಜಿಲ್ಲೆಗಳಲ್ಲಿ ಅಂಥ ಕಚೇರಿಗಳಿವೆ, ಹೋಟೆಲ್ ಕೋಣೆಯ ಮೇಲಿನ ತೆರಿಗೆಯಿಂದ ನಡೆಯುತ್ತವೆ.

ನಮ್ಮಲ್ಲಿ ಆ ಕೆಲಸಕ್ಕೆ ಅತ್ಯಂತ ಹತ್ತಿರ ಬರುವುದು, ನನ್ನ ಕಣ್ಣಿಗೆ, ಕೆಳದಿಯ ವಸ್ತುಸಂಗ್ರಹಾಲಯ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಊರೂರು ಅಲೆದು ಕೂಡಿಸಿದ ತಾಳೆಗರಿ, ಕಡತ, ನಾಣ್ಯಗಳ ಮನೆ ಅದು. ಇಲ್ಲಿ ಒಂದು ಗಂಟೆ ಕಳೆದವರಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ಬೇರೆ ತಾಲ್ಲೂಕುಗಳಾಗಿ ಕಾಣುವುದಿಲ್ಲ. ಸಾಗರದ ಪಕ್ಕದ ಈ ಕೆಳದಿಯಲ್ಲಿ ಮೊದಲಾದ ನಾಯಕರ ಆಳ್ವಿಕೆ ಇಕ್ಕೇರಿಗೆ ಹೋಯಿತು. ಅಲ್ಲಿನ ಅಘೋರೇಶ್ವರ ಗುಡಿಯ ನೆಲಹಾಸಿನ ಕಲ್ಲಲ್ಲಿ ನಾಯಕರೇ ಸಾಷ್ಟಾಂಗ ಬಿದ್ದಿದ್ದಾರೆ, ಭಕ್ತರ ಕಾಲು ತಾಗಲಿ ಎಂಬಂತೆ. ಎದುರಿನ ಮಂಟಪದ ನಂದಿಯನ್ನು ನೋಡುವ ಅವಸರದಲ್ಲಿ ಬಹಳ ಜನ ಇದನ್ನು ದಾಟಿ ನಡೆದುಬಿಡುತ್ತಾರೆ. ಒಬ್ಬ ಸ್ಥಳೀಯ ಹುಡುಗ ಜೊತೆಗಿದ್ದು ಬೆರಳು ಮಾಡಿ ತೋರಿಸಿದರೆ ಸಾಕು, ಆ ಗುಡಿ ಮನಸ್ಸಲ್ಲಿ ಉಳಿಯುತ್ತದೆ.

ಮುಂದೆ ರಾಜಧಾನಿ ಬಿದನೂರಿಗೆ, ಎಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರಕ್ಕೆ ಬಂತು. ಶಿವಪ್ಪ ನಾಯಕನ ಶಿಸ್ತು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮನ ಧೈರ್ಯ, 1763ರಲ್ಲಿ ಹೈದರಾಲಿಯ ದಾಳಿ, ಎಲ್ಲವೂ ಇಲ್ಲಿನ ಕೋಟೆಯ ಕಥೆ. ಹತ್ತಿರದ ದೇವಗಂಗೆಯ ಕೊಳಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಅಲ್ಲಿಂದ ತೀರ್ಥಹಳ್ಳಿ ಕಡೆ ಇಳಿದರೆ ಕವಲೇದುರ್ಗ: ಗದ್ದೆ ಬಯಲು ದಾಟಿ, ಕಲ್ಲು ಹಾಸಿದ ಏರುದಾರಿ ಹತ್ತಿ, ಒಂದರೊಳಗೊಂದು ಕೋಟೆ.

ಇದೆಲ್ಲ ಒಂದೇ ಚೀಟಿಯಲ್ಲಿ ಬರೆಯುವಷ್ಟು ಸುಲಭ. ಆ ಚೀಟಿಯನ್ನು ಕೊಡಬೇಕಾದ ಜಾಗ ತಾಳಗುಪ್ಪ ರೈಲು ನಿಲ್ದಾಣ. ಬೆಂಗಳೂರು, ಮೈಸೂರಿನಿಂದ ಬರುವ ರೈಲು ಅಲ್ಲಿಗೆ ಕೊನೆ, ಇಳಿದವರು ಹೇಗೂ ದಾರಿ ಕೇಳುತ್ತಾರೆ. ಅಲ್ಲೊಂದು ಮೇಜು, ಊರು ಬಲ್ಲ ಇಬ್ಬರು ಯುವಕ ಯುವತಿಯರು ಸಾಕು. ಯಾವ ಬಸ್ಸು ಇಕ್ಕೇರಿಗೆ, ಯಾವ ಹೋಂಸ್ಟೇಯಲ್ಲಿ ಊಟ, ಕೊಡಚಾದ್ರಿಗೆ ಜೀಪು ಎಲ್ಲಿಂದ, ಯಾವ ತಿಂಗಳಲ್ಲಿ ಜೋಗದಲ್ಲಿ ನೀರಿಲ್ಲ ಎಂದು ಅವರು ಇದ್ದದ್ದನ್ನು ಇದ್ದಂತೆ ಹೇಳಬೇಕು. ಆಷಾಢದಲ್ಲಿ ಕವಲೇದುರ್ಗ ಹತ್ತುವವರಿಗೆ ಉಂಬಳ ಕಚ್ಚುತ್ತದೆ, ಜೇಬಲ್ಲಿ ಒಂದಿಷ್ಟು ಉಪ್ಪು ಇಟ್ಟುಕೊಳ್ಳಿ ಎಂಬುದನ್ನೂ.