ಉತ್ತರದ ಮರುಭೂಮಿಗೆ ಒಂದು ಕಿರುಚೀಲ

ನೈರೋಬಿಯಿಂದ ಮಾರ್ಸಾಬಿಟ್‌ವರೆಗೆ ಇಂದು ಡಾಂಬರು ರಸ್ತೆಯಿದೆ. ಅಲ್ಲಿಂದ ಚಾಲ್ಬಿ ಮರುಭೂಮಿಯ ಮೂಲಕ ತುರ್ಕಾನಾ ಸರೋವರದತ್ತ ಹೊರಟವರಿಗೆ ವಾಹನ ಕೆಟ್ಟರೆ ನೆರವು ದೂರ. ಆದುದರಿಂದ ನಾವು ಸದಾ ಸೊಂಟದಲ್ಲಿರುವಂತಹ ಕಿರುಚೀಲವೊಂದನ್ನು ಸಿದ್ಧಪಡಿಸಿಕೊಳ್ಳಬೇಕು.

ಅದರಲ್ಲಿ ಕನ್ನಡಿ, ಸೀಟಿ, ಬೆಂಕಿಪೊಟ್ಟಣ, ದಿಕ್ಸೂಚಿ, ಟಾರ್ಚು, ಚಾಕು, ಗಾಯಕ್ಕೆ ಕಟ್ಟುವ ಪಟ್ಟಿ, ಕ್ಲೋರಿನ್ ಗುಳಿಗೆಗಳು ಇರಲಿ. ಬಿಸಿಲಿನಲ್ಲಿ ಕನ್ನಡಿಯ ಮಿಂಚು ವಿಮಾನಕ್ಕೂ ಕಾಣುತ್ತದೆ. ಒಣಗಿದ ಗಂಟಲಿನ ಕೂಗಿಗಿಂತ ಸೀಟಿಯ ದನಿ ದೂರ ಸಾಗುತ್ತದೆ.

ನೀರು ಈ ಚೀಲದಲ್ಲಿ ಹಿಡಿಯದು; ಅದನ್ನು ವಾಹನದಲ್ಲಿ ಧಾರಾಳವಾಗಿ ಒಯ್ಯಬೇಕು. ಸರೋವರವಿದೆಯೆಂದು ನೆಚ್ಚುವಂತಿಲ್ಲ. ತುರ್ಕಾನಾದ ನೀರು ಕ್ಷಾರಯುಕ್ತ. ಗುಳಿಗೆ ರೋಗಾಣುಗಳನ್ನು ಕೊಲ್ಲಬಲ್ಲುದೇ ಹೊರತು ಕ್ಷಾರವನ್ನು ನೀಗಿಸಲಾರದು.

ಕೆಟ್ಟ ವಾಹನವನ್ನು ತೊರೆದು ನಡೆಯತೊಡಗುವುದು ಅಪಾಯಕರ. ವಾಹನ ನೆರಳೀಯುತ್ತದೆ, ಹುಡುಕುವವರಿಗೆ ಮೊದಲು ಕಾಣುವುದೂ ಅದೇ. ಹೊರಡುವ ಮುನ್ನ ಮಾರ್ಗವನ್ನೂ ಮರಳುವ ದಿನವನ್ನೂ ಮನೆಯವರಿಗೆ ಬರೆದುಕೊಡೋಣ. ನಾವು ಮರಳಲಿಲ್ಲವೆಂದು ತಿಳಿದವರು ಮಾತ್ರ ನಮ್ಮನ್ನು ಹುಡುಕಲು ಹೊರಟಾರು.