ಕಲಿಯುವವರ ಗಂಟೆಗೆ ಬಿಲ್ ಹಾಕುವುದು ಯಾರಿಗೆ?

ಐಬಿಎಂ ಕಂಪನಿಯ ಸಿಸ್ಟಮ್ಸ್ ಇಂಜಿನಿಯರ್‌ಗಳು ಪಳಗಿದ್ದು ತರಗತಿಗಿಂತ ಹೆಚ್ಚಾಗಿ ಗ್ರಾಹಕರ ಮೆಷಿನ್ ರೂಮಿನಲ್ಲಿ. 1969ರ ಒಂದು ತೀರ್ಮಾನ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಬೆಂಗಳೂರಿನ ಐಟಿ ಕಂಪನಿಗಳಿಗೂ ಈ ಕಥೆಯಲ್ಲಿ ಪಾಠವಿದೆ.

1960ರ ದಶಕದಲ್ಲಿ ಅಮೆರಿಕದ ಬ್ಯಾಂಕೋ ವಿಮಾ ಕಂಪನಿಯೋ ಐಬಿಎಂ ಕಂಪ್ಯೂಟರ್ ತರಿಸಿಕೊಂಡರೆ ಯಂತ್ರದ ಜೊತೆಗೆ ಜನರೂ ಬರುತ್ತಿದ್ದರು. ಒಬ್ಬರು ಸೇಲ್ಸ್‌ಮನ್, ಇನ್ನೊಬ್ಬರು ಸಿಸ್ಟಮ್ಸ್ ಇಂಜಿನಿಯರ್, ಚಿಕ್ಕದಾಗಿ ಎಸ್‌ಇ. ಸೇಲ್ಸ್‌ಮನ್ ಸಹಿ ಹಾಕಿಸಿಕೊಂಡು ಮುಂದಿನ ಗಿರಾಕಿಯತ್ತ ಹೊರಟ ಮೇಲೂ ಎಸ್‌ಇ ಅಲ್ಲೇ ಉಳಿಯುತ್ತಿದ್ದರು. ಸಂಬಳದ ಲೆಕ್ಕ, ಪಾಲಿಸಿಯ ಕಂತು, ಗೋದಾಮಿನ ದಾಸ್ತಾನು ಇವನ್ನೆಲ್ಲ ಯಂತ್ರಕ್ಕೆ ಇಳಿಸುವುದು ಹೇಗೆಂದು ಗ್ರಾಹಕರ ಸಿಬ್ಬಂದಿಯ ಪಕ್ಕದಲ್ಲಿ ಕುಳಿತು ತೋರಿಸುತ್ತಿದ್ದರು. ಪ್ರೋಗ್ರಾಂ ಕೈಕೊಟ್ಟರೆ ಅವರಿಗೂ ನಿದ್ದೆ ಇಲ್ಲ. ಇದಕ್ಕೆಲ್ಲ ಪ್ರತ್ಯೇಕ ಬಿಲ್ ಬರುತ್ತಿರಲಿಲ್ಲ.

ಈ ಪದ್ಧತಿಯ ಬೇರು ಪಂಚ್ ಕಾರ್ಡ್ ಕಾಲದ್ದು. 1935ರಲ್ಲೇ ಐಬಿಎಂ ಕಾಲೇಜು ಮುಗಿಸಿದ ಯುವತಿಯರಿಗೆ ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್‌ನಲ್ಲಿ ತರಬೇತಿ ಕೊಟ್ಟು, ಗ್ರಾಹಕರ ಕಚೇರಿಗಳಲ್ಲಿ ‘ಸಿಸ್ಟಮ್ಸ್ ಸರ್ವಿಸ್’ ಕೆಲಸಕ್ಕೆ ಹಚ್ಚಿತ್ತು.

ಇದು ಧರ್ಮಕ್ಕೆ ಮಾಡಿದ ಸೇವೆಯಲ್ಲ. ಐಬಿಎಂ ಯಂತ್ರಗಳು ಬಹುಪಾಲು ಬಾಡಿಗೆಗೆ ಹೋಗುತ್ತಿದ್ದವು. ಉಪಯೋಗಕ್ಕೆ ಬಾರದಿದ್ದರೆ ಗ್ರಾಹಕರು ಮುಂಚಿತವಾಗಿ ತಿಳಿಸಿ ವಾಪಸ್ ಕಳಿಸಬಹುದಿತ್ತು. ಯಂತ್ರ ದುಡಿದರಷ್ಟೇ ಬಾಡಿಗೆ. ಅದನ್ನು ದುಡಿಸುವ ಎಸ್‌ಇಗಳ ಸಂಬಳವೂ ಆ ಬಾಡಿಗೆಯಲ್ಲೇ ಸೇರಿತ್ತು. ಯಾರ ಲೆಕ್ಕಕ್ಕೂ ಸಿಗದ ಇನ್ನೊಂದು ಖರ್ಚೂ ಅದರಲ್ಲಿತ್ತು: ಹೊಸಬರ ಕಲಿಕೆ. ಅನುಭವಸ್ಥರ ಜೊತೆ ಎಳೆಯರೂ ಹೋಗಿ, ನೋಡಿ, ಕೈಹಾಕಿ, ಬೈಸಿಕೊಂಡು ಪಳಗುತ್ತಿದ್ದರು. ಲಾರಿಯ ಕ್ಲೀನರ್ ಡ್ರೈವರ್ ಆಗುವುದು ಹೀಗೆಯೇ ಅಲ್ಲವೇ? ಸರಕಿನ ಬಾಡಿಗೆಯ ರಸೀದಿಯಲ್ಲಿ ಕ್ಲೀನರ್ ಕಲಿತದ್ದಕ್ಕೆ ಬೇರೆ ಸಾಲು ಇರುವುದಿಲ್ಲ.

ಶೇ 3ರ ಕಡಿತ

1969ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಐಬಿಎಂ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಎಲ್ಲವನ್ನೂ ಒಟ್ಟಿಗೆ ಕಟ್ಟಿ ಮಾರಿದರೆ ಬರಿಯ ಸಾಫ್ಟ್‌ವೇರ್ ಮಾರುವವರು ಬದುಕುವುದು ಹೇಗೆ ಎಂಬ ತಕರಾರು ಆಗಲೇ ಬಲಿತಿತ್ತು. ಅದೇ ವರ್ಷ ಜೂನ್ 23ರಂದು ಐಬಿಎಂ ಕಟ್ಟು ಬಿಚ್ಚಿತು. ಯಂತ್ರಗಳ ಬೆಲೆ ಶೇ 3ರಷ್ಟು ಇಳಿಯಿತು. ಎಸ್‌ಇಗಳ ಸಮಯ, ತರಬೇತಿ ಮತ್ತು ಕೆಲವು ಸಾಫ್ಟ್‌ವೇರ್‌ಗಳಿಗೆ ಬೇರೆಬೇರೆ ದರ ನಿಗದಿಯಾಯಿತು. ಉದ್ಯಮದ ಚರಿತ್ರೆಯಲ್ಲಿ ಇದಕ್ಕೆ ‘ಅನ್‌ಬಂಡ್ಲಿಂಗ್’ ಎಂದು ಹೆಸರು.

ಎಸ್‌ಇಯ ಗಂಟೆಗೆ ದರ ಬಂದ ಕ್ಷಣವೇ ಗ್ರಾಹಕರಲ್ಲಿ ಪ್ರಶ್ನೆಯೂ ಹುಟ್ಟಿತು: ಬಲ್ಲವರಿಗೆ ಕೊಡೋಣ, ಪಕ್ಕದಲ್ಲಿ ನಿಂತು ನೋಡುವ ಹುಡುಗನಿಗೆ ಏಕೆ ಕೊಡಬೇಕು? ನ್ಯಾಯವಾದ ಪ್ರಶ್ನೆ. ಆದರೆ ಅವರನ್ನು ಉಚಿತವಾಗಿ ಕಳಿಸಿದರೆ ಬೇರೆಬೇರೆ ದರದ ಹೊಸ ವ್ಯವಸ್ಥೆಯೇ ಸಡಿಲವಾಗುತ್ತಿತ್ತು. ಹಾಗಾಗಿ ಹೊಸಬರು ಬ್ರಾಂಚ್ ಆಫೀಸಿನಲ್ಲೇ ಉಳಿದರು.

ಉಪಾಯ ದಾರಿ ತಪ್ಪಿದ್ದು

ಹೊಸಬರು ಕಲಿಯದೇ ಉಳಿಯುವ ಅಪಾಯ ಕಂಪನಿಯವರಿಗೂ ಕಂಡಿತು. ಹೊಸಬರು ಮೆಷಿನ್ ರೂಮಿಗೆ ಹೋಗುವಂತಿಲ್ಲವಾದರೆ ಮೆಷಿನ್ನೇ ಅವರಿದ್ದಲ್ಲಿಗೆ ಬರಲಿ ಎಂದು ‘ಹ್ಯಾಂಡ್ಸ್-ಆನ್ ನೆಟ್‌ವರ್ಕ್ ಎನ್ವಿರಾನ್‌ಮೆಂಟ್’ ಕಟ್ಟಿದರು, ಬಾಯಿಮಾತಿನಲ್ಲಿ ‘ಹೋನ್’. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ವಿಜ್ಞಾನ ಕೇಂದ್ರದ ಸಿಪಿ-67 ಅದಕ್ಕೆ ಆಧಾರ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಮೆಷಿನ್‌ಗಳನ್ನು ಸೃಷ್ಟಿಸುವ ಸಾಫ್ಟ್‌ವೇರ್ ಅದು. ಬ್ರಾಂಚಿನ ಟರ್ಮಿನಲ್ ಮುಂದೆ ಕುಳಿತೇ ಗ್ರಾಹಕರಲ್ಲಿರುವಂಥ ಆಪರೇಟಿಂಗ್ ಸಿಸ್ಟಂ ಎಬ್ಬಿಸಿ, ಕೆಡಿಸಿ, ಸರಿಪಡಿಸಿ ಕಲಿಯಬಹುದಿತ್ತು. ಯಾರ ಬ್ಯಾಂಕೂ ಮುಳುಗುತ್ತಿರಲಿಲ್ಲ.

ಆದರೆ ಅದೇ ಜಾಲದ ಮೇಲೆ ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮಾರಾಟದ ಸಲಕರಣೆಗಳೂ ಬಂದವು. ಅವುಗಳಲ್ಲಿ ಮುಖ್ಯವಾದದ್ದು ಕಾನ್ಫಿಗರೇಟರ್. ಎಷ್ಟು ಮೆಮೊರಿ, ಯಾವ ಡಿಸ್ಕ್, ಯಾವ ಕಂಟ್ರೋಲರ್ ಎಂದು ಕೇಳಿದ್ದಕ್ಕೆ ಉತ್ತರ ತುಂಬಿದರೆ ಆರ್ಡರ್ ಸಿದ್ಧ. ಐಬಿಎಂನ 370 ಸರಣಿಯ ಯಂತ್ರಗಳ ಆರ್ಡರ್ ಎಷ್ಟು ಜಟಿಲವಾಯಿತೆಂದರೆ ಕಾನ್ಫಿಗರೇಟರ್ ಇಲ್ಲದೆ ಅದು ಮುಂದೆ ಸಾಗದಂತಾಯಿತು. ಕ್ರಮೇಣ ಹೋನ್‌ನ ಹೊತ್ತೆಲ್ಲ ಇಂಥ ಕೆಲಸಕ್ಕೇ ಮೀಸಲಾಗಿ, ಅಭ್ಯಾಸ ಮೂಲೆ ಸೇರಿತು. ಯಾವ ಭಾಗಕ್ಕೆ ಯಾವುದು ಹೊಂದುತ್ತದೆ ಎಂಬ ತಿಳಿವಳಿಕೆ ಪ್ರೋಗ್ರಾಂ ಒಳಗಿತ್ತು. ಬಳಸುವವರಿಗೆ ಅದು ಗೊತ್ತಿರಲೇಬೇಕು ಎಂಬ ಒತ್ತಡ ಇರಲಿಲ್ಲ.

ಗ್ರಾಹಕರ ಜಾಗದಲ್ಲಿ ಕಲಿತದ್ದರ ಬೆಲೆ ಎಷ್ಟು? 1972ರಲ್ಲಿ ಜರ್ಮನಿಯ ಐಬಿಎಂನಿಂದ ಹೊರಬಂದ ಐವರು ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ ಸ್ಥಾಪಿಸಿದರು. ಮೊದಲ ಗ್ರಾಹಕ, ಐಸಿಐ ಕಂಪನಿಯ ಓಸ್ಟ್ರಿಂಗೆನ್ ನೈಲಾನ್ ಕಾರ್ಖಾನೆ. ಐವರಿಗೂ ಸ್ವಂತ ಕಂಪ್ಯೂಟರ್ ಇರಲಿಲ್ಲ. ಗ್ರಾಹಕರ ಯಂತ್ರದಲ್ಲೇ ರಾತ್ರಿ, ವಾರಾಂತ್ಯಗಳಲ್ಲಿ ಕೆಲಸ ಮಾಡಿದರು. ಕಾರ್ಖಾನೆಯ ಲೆಕ್ಕ ಹೇಗೆ ನಡೆಯುತ್ತದೆಂದು ಪಕ್ಕದಲ್ಲಿದ್ದು ಕಂಡದ್ದೇ ಅವರ ಬಂಡವಾಳ. ಎಸ್‌ಎಪಿಯ ದೊಡ್ಡ ಸಂಶೋಧನಾ ಕೇಂದ್ರವೊಂದು ಇಂದು ನಮ್ಮ ವೈಟ್‌ಫೀಲ್ಡ್‌ನಲ್ಲಿದೆ.

ಬೆಂಗಳೂರಿನ ‘ಶ್ಯಾಡೋ’

1969ರ ತೀರ್ಮಾನವನ್ನು ಬರೀ ಬೈದರೆ ಅನ್ಯಾಯವಾದೀತು. ಸಾಫ್ಟ್‌ವೇರ್‌ಗೂ ಸೇವೆಗೂ ತಮ್ಮದೇ ಬೆಲೆ ಉಂಟು ಎಂದು ಜಗತ್ತು ಒಪ್ಪಿದ್ದರಿಂದಲೇ ಬೆಂಗಳೂರಿನ ಐಟಿ ಉದ್ಯೋಗಕ್ಕೆ ನೆಲೆ ಸಿಕ್ಕಿತು. ಆದರೆ ಕಲಿಯುವವರ ಖರ್ಚು ಯಾರದು ಎಂಬ ಸಮಸ್ಯೆಯೂ ಅದರ ಜೊತೆಗೇ ನಮ್ಮ ಪಾಲಿಗೆ ಬಂದಿದೆ. ಇಲ್ಲಿನ ಕಂಪನಿಗಳಲ್ಲಿ ‘ಬಿಲ್ಲೆಬಲ್’ ಆದವರು ಒಂದು ಕಡೆ, ಪ್ರಾಜೆಕ್ಟ್ ಇಲ್ಲದೆ ‘ಬೆಂಚ್’ ಮೇಲಿರುವವರು ಇನ್ನೊಂದು ಕಡೆ. ನಡುವೆ ‘ಶ್ಯಾಡೋ’: ಗ್ರಾಹಕರಿಗೆ ಬಿಲ್ ಮಾಡದೆ, ಅನುಭವಸ್ಥರ ಬೆನ್ನಿಗೆ ಕೂತು ಕಲಿಯುವವರು. ಖರ್ಚು ಕಡಿತದ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವ ಸಾಲು ಇದೇ.

ಮಾರಾಟಕ್ಕೆ ಮೊದಲು ಗ್ರಾಹಕರಿಗೆ ತಾಂತ್ರಿಕ ವಿವರ ಕೊಡುವ ಪ್ರೀಸೇಲ್ಸ್ ವಿಭಾಗದಲ್ಲಿ ಇದರ ಪರಿಣಾಮ ಚುರುಕಾಗಿ ಕಾಣುತ್ತದೆ. ಸ್ಲೈಡ್ ಸಿದ್ಧ, ಕ್ಲೌಡ್‌ನಲ್ಲಿ ಡೆಮೊ ಸಿದ್ಧ; ಟೆಂಡರ್ ಪ್ರಶ್ನೆಗಳಿಗೆ ಹಳೆಯ ಉತ್ತರಗಳ ಕಡತ ಸಾಲದಿದ್ದರೆ ಈಗ ಎಐ ಇದೆ. ಎಲ್ಲವೂ ಸಮಯ ಉಳಿಸುವ ಸಲಕರಣೆಗಳೇ, ಕಾನ್ಫಿಗರೇಟರ್ ಕೂಡ ಹಾಗೇ ಇತ್ತು. ಹಳೆಯ ಡೇಟಾ ಹೊಸ ಸಿಸ್ಟಂಗೆ ಬರುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಮಾತ್ರ ಒಮ್ಮೆಯಾದರೂ ಅದನ್ನು ಬಿಡಿಸಿದವರಿಗಷ್ಟೇ ಗೊತ್ತು. ಅಂಥವರು ‘ಇದು ನಿಮಗೆ ಬೇಡ’ ಎಂದೂ ಹೇಳಬಲ್ಲರು. ಕೈಯಲ್ಲಿ ಮಾಡಿ ನೋಡದವರಿಗೆ ‘ಆಗುತ್ತೆ ಸಾರ್’ ಎನ್ನದೆ ಬೇರೆ ದಾರಿಯಿಲ್ಲ.

ಶ್ಯಾಡೋ ಸಾಲು ಅಳಿಸಿದ ತ್ರೈಮಾಸಿಕದಲ್ಲಿ ಲಾಭವೇ ಕಾಣುತ್ತದೆ. ನಷ್ಟ ಕಾಣುವುದು ಇಂದಿನ ಅನುಭವಸ್ಥರು ಹೊರಟ ಮೇಲೆ. ಆದ್ದರಿಂದ ಕಲಿಯುವವರ ಗಂಟೆಯನ್ನು ಗ್ರಾಹಕರಿಗೆ ದಾಟಿಸದೆ ಕಂಪನಿಯೇ ತನ್ನ ಬಂಡವಾಳವೆಂದು ಹೊರಬೇಕು. ಕೊಳ್ಳುವವರ ಕೈಯಲ್ಲೂ ಒಂದು ಉಪಾಯವಿದೆ. ಡೆಮೊ ಮುಗಿದ ಮೇಲೆ ಬೆಲೆಗೆ ಮೊದಲು ಇದನ್ನು ಕೇಳಲಿ: ಇದನ್ನು ನೀವೇ ಕೊನೆಯ ಸಲ ಅಳವಡಿಸಿದ್ದು ಎಲ್ಲಿ, ಆಗ ಏನು ಕೆಟ್ಟಿತ್ತು?