ತಿಂಗಳ ಕೊನೆಗೆ ಫ್ರೀಜರೇ ಆಪದ್ಬಾಂಧವ!

ತುಮಕೂರು: ಬೆಂಗಳೂರಿನ ಬಸ್ಸು ರಾತ್ರಿ ಎಂಟೂವರೆಗೆ ಸ್ಟ್ಯಾಂಡಿಗೆ ಬಂದು ನಿಂತರೆ ಇಳಿದವರೆಲ್ಲ ಸೀದಾ ಮನೆಗೆ ಹೋಗುವುದಿಲ್ಲ. ಕೆಲವರು ಹೋಟೆಲಿನ ಪಾರ್ಸೆಲ್ ಕೌಂಟರಿನ ಮುಂದೆ ಸಾಲು ನಿಲ್ಲುತ್ತಾರೆ. ಹೋಗುವಾಗ 70 ಕಿಲೋಮೀಟರು, ಬರುವಾಗ 70 ಕಿಲೋಮೀಟರು. ಇಷ್ಟು ಕುಲುಕಾಡಿ ಬಂದವರಿಗೆ ಒಲೆ ಮುಂದೆ ನಿಲ್ಲೋ ಚೈತನ್ಯ ಎಲ್ಲಿಂದ ಬರಬೇಕು ಹೇಳಿ!

ಆದರೆ ಲೆಕ್ಕ ಹಾಕಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಒಂದು ಪಾರ್ಸೆಲ್ಲಿಗೆ 80 ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಮನೆಯಲ್ಲಿ ಮೂವರಿದ್ದರೆ 240. ವಾರಕ್ಕೆ ಎರಡೇ ಸಲ ತಂದರೂ 480, ನಾಲ್ಕು ವಾರಕ್ಕೆ 1920 ರೂಪಾಯಿ. ಸಂಬಳದ ಹುಡುಗರಿಗೆ, ಅಂಗಡಿಯಲ್ಲಿ ಸಾಮಾನು ಕಟ್ಟುವವರಿಗೆ ಇದು ಮಕ್ಕಳ ವ್ಯಾನಿನ ಫೀಸು, ಇಲ್ಲವೇ ಚೀಟಿಯ ಒಂದು ಕಂತು. ಇಪ್ಪತ್ತೈದನೇ ತಾರೀಕಿಗೆ ಕೈಸಾಲ ಮಾಡುವವರು ಈ ದುಡ್ಡು ಎಲ್ಲಿ ಸೋರಿತು ಅಂತ ತಲೆ ಕೆರೆದುಕೊಳ್ಳುತ್ತಾರೆ. ಸೋರಿದ್ದು ಬಾಳೆ ಎಲೆ, ಪ್ಲಾಸ್ಟಿಕ್ಕು, ಸಿಲ್ವರ್ ಕವರಿನಲ್ಲಿ!

ಒಂದೇ ಪಾತ್ರೆ, ಎರಡು ಅಡುಗೆ

ಅಗ್ಗದ ಅಡುಗೆ ಅಂದರೆ ಬಯಲುಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಾರನ್ನೇ ನೋಡಿ. ಒಂದು ಕಟ್ಟು ಸೊಪ್ಪು, ಒಂದು ಹಿಡಿ ಕಾಳು. ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಮೇಲೆ ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಬೆಂದ ಸೊಪ್ಪು ಕಾಳಿನಲ್ಲೇ ಒಂದಿಷ್ಟು ತೆಗೆದು ಕಾಯಿ, ಬೆಳ್ಳುಳ್ಳಿ, ಖಾರದ ಪುಡಿ, ಹುಣಸೆಹಣ್ಣಿನ ಜೊತೆ ರುಬ್ಬಿ ಬಿಟ್ಟರೆ ಸಾರು ಮಂದವಾಗುತ್ತದೆ. ಗ್ಯಾಸು ಖರ್ಚಾಗುವುದು ಒಂದು ಪಾತ್ರೆ ಬೇಯುವಷ್ಟು. ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ಸಾಲದ್ದಕ್ಕೆ ಮಾರನೇ ದಿನ ಕುದಿಸಿದ ಬಸ್ಸಾರಿಗೆ ಇನ್ನೂ ರುಚಿ. ಪಾರ್ಸೆಲ್ ಸಾಂಬಾರಿಗೆ ಈ ಭಾಗ್ಯ ಉಂಟೇ?

ಹಿಂದಿನವರು ಶೇಖರಣೆಯನ್ನೂ ಬಲ್ಲವರೇ. ಹುಣಸೆ ಮಾರುಕಟ್ಟೆಗೆ ಹೆಸರಾದ ಊರಿದು. ಶಿವರಾತ್ರಿ ಸುಮಾರಿಗೆ ಹೊಸ ಹಣ್ಣು ಬಂದಾಗಲೇ ಕೊಂಡು, ಬೀಜ ಬಿಡಿಸಿ, ಉಪ್ಪು ಬೆರೆಸಿ ಜಾಡಿಗೆ ಒತ್ತಿದರೆ ವರ್ಷದ ಚಿಂತೆ ಇಲ್ಲ. ತೊಗರಿಬೇಳೆಗೆ ಹರಳೆಣ್ಣೆ ಸವರಿಡುವುದು, ಅಕ್ಕಿ ಡಬ್ಬಕ್ಕೆ ಒಣಮೆಣಸಿನಕಾಯಿ ಹಾಕುವುದು, ಬೇಸಿಗೆ ಬಿಸಿಲಿಗೆ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ... ಇದೆಲ್ಲ ಕರೆಂಟು ಬೇಡದ ಫ್ರೀಜರು! ಮಂಡಿಪೇಟೆಯಲ್ಲಿ ಮೂಟೆ ಬೆಲೆಗೂ ಅರ್ಧ ಕಿಲೋ ಬೆಲೆಗೂ ಇರುವ ಅಂತರ ವ್ಯಾಪಾರಿಗಳಿಗೆ ಗೊತ್ತು. ವಠಾರದ ಮೂರು ಮನೆಯವರು ಸೇರಿ ಮೂಟೆ ತಂದು ಹಂಚಿಕೊಂಡರೆ ಆ ಅಂತರ ಇವರ ಜೇಬಿಗೇ.

ಬಾಗಿಲೊಳಗಿನ ಚಳಿಗಾಲ

ಈಗ ಹೊಸ ಉಗ್ರಾಣದ ಮಾತು. ಎಷ್ಟೋ ಮನೆಯಲ್ಲಿ ಒಂಟಿ ಬಾಗಿಲಿನ ಫ್ರಿಜ್ಜಿದೆ. ಮೇಲಿನ ಐಸ್ ಗೂಡಿನಲ್ಲಿ ಇರುವುದೇನು? ಒಂದು ಟ್ರೇ ಐಸು, ಯಾವ ಹಬ್ಬದ್ದೋ ಅರ್ಧ ಐಸ್‌ಕ್ರೀಂ ಡಬ್ಬ. ಆ ಗೂಡಿಗೂ ಸೇರಿಸಿಯೇ ಕಂತು ಕಟ್ಟಿರುತ್ತಾರೆ ಮಹರಾಯರು!

2023ರ ಜುಲೈ ನೆನಪಿದೆಯೇ? ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಚಿಲ್ಲರೆ ಅಂಗಡಿಯಲ್ಲಿ ಕಿಲೋ 100 ಮೀರಿ, ಜನ ಹುಣಸೆಹಣ್ಣಿಗೇ ಕೈ ಮುಗಿದರು. ಸೆಪ್ಟೆಂಬರಿಗೆ ಅದೇ ಟೊಮೆಟೊ ನೆಲ ಕಚ್ಚಿತು. ಇಂಥ ತರಕಾರಿಯನ್ನು ಅಗ್ಗವಾದಾಗ ಹಿಡಿದಿಡಬೇಕು. ಅಂತರಸನಹಳ್ಳಿ ಮಾರುಕಟ್ಟೆಯಿಂದ ತಂದ ಹಣ್ಣು ತೊಳೆದು, ಒರೆಸಿ, ಇಡಿಯಾಗಿ ಕವರಿಗೆ ಹಾಕಿ ಐಸ್ ಗೂಡಿಗಿಟ್ಟರೆ ಸಾಕು. ಬೇಕಾದಾಗ ನೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಕಳಚುತ್ತದೆ. ಸಾರಿಗೆ, ಗೊಜ್ಜಿಗೆ ಪರವಾಗಿಲ್ಲ. ಕೋಸಂಬರಿಗೆ ಮಾತ್ರ ಆಗದು. ಹಣ್ಣಿನೊಳಗಿನ ನೀರು ಗಡ್ಡೆ ಕಟ್ಟುವಾಗ ಒಳಗೆಲ್ಲ ಸೀಳುವುದರಿಂದ ಕರಗಿದ ಮೇಲೆ ಮೆತ್ತಗಾಗಿಬಿಡುತ್ತದೆ. ಸೌತೆಕಾಯಿಯ ಗತಿಯೂ ಅಷ್ಟೇ. ಸಾಂಬಾರಿನ ಆಲೂಗಡ್ಡೆ ಅಂತೂ ಮರಳು ಮರಳು.

ಅವರೆಯದು ಬೇರೆ ಕಥೆ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಊರೆಲ್ಲ ಘಮಘಮ. ಕೊಯ್ಲು ಜೋರಾಗಿ ದರ ಇಳಿದ ವಾರ ನೋಡಿ ತಂದು, ಸುಲಿದು, ಕಾಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ತಕ್ಷಣ ತಣ್ಣೀರಿಗೆ ಹಾಕಬೇಕು. ಬಣ್ಣ, ರುಚಿ ಕೆಡಿಸುವ ಕಿಣ್ವ ಅಲ್ಲಿಗೆ ತಣ್ಣಗಾಗುತ್ತದೆ. ಬಟ್ಟೆ ಮೇಲೆ ಹರವಿ ನೀರಾರಿಸಿ, ಒಂದೊಂದು ಸಲದ ಅಡುಗೆಗೆ ಆಗುವಷ್ಟನ್ನೇ ಗಾಳಿ ತೆಗೆದ ಪುಟ್ಟ ಕವರಿಗೆ ಕಟ್ಟಬೇಕು. ಬಟಾಣಿಗೂ ಇದೇ ಉಪಾಯ, ನೀರಲ್ಲಿ ಎರಡು ನಿಮಿಷ ಸಾಕು. ಹೊಸ ಅವರೆಯ ಸೊಗಡು ಅಷ್ಟೂ ಉಳಿಯುತ್ತದೆ ಅಂದರೆ ಸುಳ್ಳಾದೀತು. ಮಾರ್ಚಿನಲ್ಲಿ ಉಪ್ಪಿಟ್ಟಿನ ತುಂಬ ಅವರೆಕಾಳು ಸಿಕ್ಕರೆ ಅದೇನು ಕಮ್ಮಿಯೇ? ಹಿತಕಿದ ಬೇಳೆ ಮಾಡುವುದಾದರೆ ಟಿವಿ ಮುಂದೆ ಗಂಡಸರೂ ಕೂತು ಹಿತುಕಬೇಕು. ಉಳಿತಾಯ ಮನೆಗೆ, ಬೆರಳು ನೋವು ಮನೆಯೊಡತಿಗೆ ಅಂದರೆ ನ್ಯಾಯವಲ್ಲ. ಗಂಡಸರ ಬೆರಳೇನೂ ಸವೆದುಹೋಗದು.

ತೆಂಗಿನಕಾಯಿಯೂ ಈಚೆಗೆ ಅಗ್ಗದ ವಸ್ತುವಲ್ಲ. 2025ರಲ್ಲಿ ಕಾಯಿ ನಾಡಿನ ಜನರೇ ಒಡೆದ ಅರ್ಧ ಹೋಳು ಹಾಳಾಗದಂತೆ ಕಣ್ಣಿಟ್ಟು ಕಾದರು. ಒಡೆದ ದಿನವೇ ತುರಿದು ಚಿಕ್ಕ ಸ್ಟೀಲ್ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿದರೆ ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಚಟ್ನಿಗೆ ತುರಿಯುವ ಕೆಲಸವೂ ಉಳಿಯಿತು. ಭಾನುವಾರ ಎರಡು ಪಾಲು ಹುಳಿ ಮಾಡಿ, ಒಂದು ಪಾಲು ಆರಿಸಿ ಎರಡು ಗಂಟೆಯೊಳಗೆ ಡಬ್ಬಿಗೆ ಹಾಕಿಟ್ಟರೆ ಬುಧವಾರದ ಎಂಟೂವರೆ ಬಸ್ಸಿನವರಿಗೆ ಅದೇ ಪಾರ್ಸೆಲ್ಲು! ಅನ್ನಕ್ಕೆ ಕುಕ್ಕರ್ ಇಟ್ಟು ಕೈಕಾಲು ತೊಳೆಯುವಷ್ಟರಲ್ಲಿ ಹುಳಿ ಕುದಿಯುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗೂಡಿಗೆ ತುರುಕಬಾರದು. ಚಳಿಗೆ ರೋಗಾಣು ಸಾಯುವುದಿಲ್ಲ, ಮುದುರಿ ಮಲಗಿರುತ್ತದೆ ಅಷ್ಟೇ.

ಚಾಕು ತೆಗೆದರೆ ಜೇಬಿಗೆ ಕತ್ತರಿ

ಹೆಪ್ಪುಗಟ್ಟಿಸಿದ ಪದಾರ್ಥ ತಿಂಗಳುಗಟ್ಟಲೆ ಇರಬೇಕಾದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ ಬೇಕು. ಒಂಟಿ ಬಾಗಿಲಿನ ಫ್ರಿಜ್ಜಿನ ಗೂಡು ಸಾಮಾನ್ಯವಾಗಿ ಅಷ್ಟು ತಣ್ಣಗಿರುವುದಿಲ್ಲ. ಅಲ್ಲಿಟ್ಟದ್ದನ್ನು ಬೇಗ ಖರ್ಚು ಮಾಡುವುದೇ ಲೇಸು. ಕವರಿನ ಮೇಲೆ ತಾರೀಕು ಬರೆಯದೆ ಇಟ್ಟರೆ ಆರು ತಿಂಗಳ ಮೇಲೆ ಒಳಗಿರುವುದು ಅವರೆಯೋ ಅಲಸಂದೆಯೋ ಇಟ್ಟವರಿಗೇ ಗೊತ್ತಾಗದು. ಅಗ್ಗ ಅಂತ ಹತ್ತು ಕಿಲೋ ತಂದು ಐದು ಕಿಲೋ ತಿಪ್ಪೆಗೆ ಎಸೆಯುವ ಧಾರಾಳಿಗಳೂ ಇದ್ದಾರೆ. ಅವರಿಗಿಂತ ಪಾರ್ಸೆಲ್ಲಿನವರೇ ವಾಸಿ.

ಇನ್ನೊಂದು ಅನಾಹುತ. ಮಂಜು ದಪ್ಪಗಟ್ಟಿತು ಅಂತ ಚಾಕುವಿನಿಂದ ಕೆತ್ತುವುದು! ಗೂಡಿನ ಗೋಡೆಯೊಳಗೇ ಗ್ಯಾಸಿನ ಕೊಳವೆ ಹರಿದಿರುತ್ತದೆ. ತೂತು ಬಿತ್ತೋ, ಗ್ಯಾಸು ಹೊರಕ್ಕೆ, ವರ್ಷದ ಉಳಿತಾಯ ರಿಪೇರಿಯವನ ಕೈಗೆ. ಡಿಫ್ರಾಸ್ಟ್ ಗುಂಡಿ ಒತ್ತಿ, ಬಾಗಿಲು ತೆರೆದು, ಕೆಳಗೆ ಬಟ್ಟೆ ಹಾಸಿ ಸುಮ್ಮನಿದ್ದರೆ ಅದೇ ಕರಗುತ್ತದೆ.

ಮೀಟರಿನ ಕಡೆಗೂ ಒಂದು ಕಣ್ಣಿರಲಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಉಚಿತ ಯೂನಿಟ್ ಗೊತ್ತು ಮಾಡಿದರು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬಿಸಿ ಪಾತ್ರೆ ಒಳಗಿಡುವುದು, ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಇಣುಕುವುದು, ಎರಡೂ ಮೀಟರು ಓಡಿಸುವ ಕೆಲಸ.

ಕರೆಂಟು ಹೋದಾಗ ಬಾಗಿಲು ತೆರೆಯಲೇಬಾರದು. ತುಂಬಿದ ಗೂಡು ಖಾಲಿ ಗೂಡಿಗಿಂತ ಹೆಚ್ಚು ಹೊತ್ತು ತಂಪು ಹಿಡಿದಿರುತ್ತದೆ. ಊರಿಗೆ ಹೋಗಿ ಬಂದವರಿಗೆ ಒಂದು ಸುಲಭ ಪರೀಕ್ಷೆಯಿದೆ. ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗಬೇಕು. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿ ಮೇಲೆ ಮತ್ತೆ ಐಸು ಕಟ್ಟಿದ್ದರೆ, ಬೀಗ ಹಾಕಿದ ಮನೆಯಲ್ಲಿ ಎಲ್ಲವೂ ಕರಗಿ ಮತ್ತೆ ಗಡ್ಡೆಯಾಗಿದೆ ಎಂದರ್ಥ. ಆಗ ಹುಳಿಯ ಡಬ್ಬಿಯನ್ನು ಹಿಂದೆ ಮುಂದೆ ನೋಡದೆ ಚೆಲ್ಲಬೇಕು, ನಾಣ್ಯವನ್ನು ಮಾತ್ರ ಜೇಬಿಗಿಟ್ಟುಕೊಳ್ಳಬಹುದು.